ರೀಸೆಟ್ ಆದ ಫೋನ್ ಕೇಳುತ್ತಿರುವುದು ಯಾರ ಖಾತೆಯನ್ನು?

ಪ್ರಶ್ನೆ: ನನ್ನ ತಂದೆಯವರದು ಬೇಲೂರು ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ಒಂದೂವರೆ ವರ್ಷದ ಹಿಂದೆ ಹಾಸನದ ಅಂಗಡಿಯೊಂದರಲ್ಲಿ ಅವರಿಗೆ ಏಳೂವರೆ ಸಾವಿರ ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ಕೊಡಿಸಿದೆ. ವಾಟ್ಸ್‌ಆ್ಯಪ್, ಯೂಟ್ಯೂಬ್ ಎಲ್ಲವನ್ನೂ ಅಂಗಡಿಯವರೇ ಹಾಕಿಕೊಟ್ಟರು. ಬಿಲ್ ಕೊಡಲಿಲ್ಲ, ಹಣ ನನ್ನ ಯುಪಿಐನಿಂದ ಹೋಗಿದೆ. ಹೋದ ತಿಂಗಳು ತಂದೆ ಪ್ಯಾಟರ್ನ್ ಬದಲಿಸಿ ಮರೆತುಬಿಟ್ಟರು. ಪಕ್ಕದ ಮನೆಯ ಹುಡುಗ ಬಟನ್‌ಗಳನ್ನು ಒತ್ತಿ ಹಿಡಿದು ರೀಸೆಟ್ ಮಾಡಿಕೊಟ್ಟ. ಈಗ ಫೋನ್, ತನ್ನಲ್ಲಿ ಹಿಂದೆ ಬಳಸಿದ್ದ ಗೂಗಲ್ ಖಾತೆಯನ್ನು ಹಾಕಿ ಎನ್ನುತ್ತದೆ. ಯಾವ ಖಾತೆ ಎಂದು ಹೇಳುವುದಿಲ್ಲ. ಬ್ಯಾಂಕ್ ಕೆಲಸಕ್ಕೆಂದು ನಾನು ತಂದೆಗೆ ಮಾಡಿಕೊಟ್ಟಿದ್ದ ಜಿಮೇಲ್ ಹಾಕಿದರೆ ಒಪ್ಪುವುದಿಲ್ಲ. ಇನ್ನೊಂದು ಅಂಗಡಿಯವರು 1,200 ರೂಪಾಯಿ ಕೊಟ್ಟರೆ ‘ಜಿಮೇಲ್ ಲಾಕ್’ ಒಡೆದುಕೊಡುತ್ತೇವೆ ಎನ್ನುತ್ತಾರೆ. ಒಡೆಸಬಹುದೇ? ಇದು ಕಳವಿನ ಫೋನ್ ಇರಬಹುದೇ? ತಂದೆಯವರ ಫೋಟೋಗಳು, ನಂಬರುಗಳು, ಮಳೆಯ ಲೆಕ್ಕ, ಆಳುಗಳ ಬಟವಾಡೆ ಲೆಕ್ಕ ಎಲ್ಲವೂ ಅದರಲ್ಲಿತ್ತು.
— ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಆ 1,200 ರೂಪಾಯಿಯನ್ನು ಸದ್ಯಕ್ಕೆ ಕೊಡಬೇಡಿ. ಲಾಕ್ ಒಡೆದರೆ ನಿಮ್ಮ ಕೈಗೆ ಬರುವುದು ಖಾಲಿ ಫೋನ್ ಮಾತ್ರ. ತಂದೆಯವರು ಕಳೆದುಕೊಂಡದ್ದರಲ್ಲಿ ಏನಾದರೂ ಉಳಿದಿದ್ದರೆ ಅದು ಫೋನಿನೊಳಗೆ ಇಲ್ಲ, ಫೋನ್ ಈಗ ಹಟ ಹಿಡಿದು ಕೇಳುತ್ತಿರುವ ಆ ಖಾತೆಯಲ್ಲಿದೆ. ಖಾತೆ ಸಿಕ್ಕರೆ ಫೋನೂ ತೆರೆಯುತ್ತದೆ, ಉಳಿದದ್ದೂ ಮರಳುತ್ತದೆ. ಆದ್ದರಿಂದ ಅದು ಯಾರ ಖಾತೆ ಎಂಬುದನ್ನು ಮೊದಲು ಪತ್ತೆ ಮಾಡೋಣ. ನಿಮ್ಮ ಪತ್ರದಲ್ಲಿರುವ ವಿವರಗಳನ್ನು ನೋಡಿದರೆ ಅದು ನೀವು ಅಂದುಕೊಂಡಷ್ಟು ಅಪರಿಚಿತರ ಖಾತೆಯೇನೂ ಅಲ್ಲ ಎಂದು ನನಗೆ ಅನಿಸುತ್ತದೆ.

ಪಕ್ಕದ ಮನೆಯ ಹುಡುಗನನ್ನು ಬೈಯಬೇಡಿ. ಅವನು ಮಾಡಿದ್ದು ಎಲ್ಲರೂ ಮಾಡುವುದೇ. ಆದರೆ ರೀಸೆಟ್‌ಗೆ ಎರಡು ದಾರಿಗಳಿವೆ, ಎರಡರ ಫಲ ಬೇರೆ ಬೇರೆ. ಸೆಟ್ಟಿಂಗ್ಸ್ ಒಳಗಿನಿಂದ ರೀಸೆಟ್ ಮಾಡಲು ಹೋದರೆ ಫೋನ್ ಮೊದಲು ಪ್ಯಾಟರ್ನ್ ಅಥವಾ ಪಿನ್ ಕೇಳುತ್ತದೆ. ಅದನ್ನು ಕೊಟ್ಟವನು ಮಾಲೀಕನೇ ಎಂದು ನಂಬಿ ಸಾಮಾನ್ಯವಾಗಿ ಖಾತೆಯ ಕಾವಲನ್ನೂ ತೆಗೆದುಬಿಡುತ್ತದೆ. ವಾಲ್ಯೂಮ್ ಮತ್ತು ಪವರ್ ಬಟನ್ ಒತ್ತಿ ಹಿಡಿದು ಮಾಡುವ ರೀಸೆಟ್ಟನ್ನು ಕಳ್ಳನೂ ಮಾಡಬಹುದಲ್ಲ? ಹಾಗಾಗಿ ಆ ದಾರಿಯಲ್ಲಿ ಬಂದವನಿಗೆ ಫೋನ್ ಹಿಂದಿನ ಖಾತೆಯನ್ನು ಕೇಳುತ್ತದೆ. ಗೂಗಲ್ ಇದನ್ನು 2015ರಲ್ಲಿ, ಆಂಡ್ರಾಯ್ಡ್ 5.1ರ ಹೊತ್ತಿಗೆ ತಂದಿತು. ಅಂಗಡಿಗಳಲ್ಲಿ ‘ಎಫ್‌ಆರ್‌ಪಿ’ ಎನ್ನುವುದು ಇದನ್ನೇ. ಫೋನ್ ಕಳವು ಹೆಚ್ಚಿದ್ದರಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಕಾನೂನನ್ನೇ ಮಾಡಿ, 2015ರ ಜುಲೈನಿಂದ ಅಲ್ಲಿ ಮಾರುವ ಸ್ಮಾರ್ಟ್‌ಫೋನ್‌ಗಳಲ್ಲಿ ಇಂಥ ಕಾವಲು ಇರಲೇಬೇಕು ಎಂದಿತು. ಅಲ್ಲಿಯ ಕಳ್ಳರಿಗಾಗಿ ಹೂಡಿದ ಬೀಗ ಇಲ್ಲಿ ಬೇಲೂರಿನ ಬೆಳೆಗಾರರನ್ನು ಹೊರಗೆ ನಿಲ್ಲಿಸಿದೆ.

ಆ ಖಾತೆಯ ಗುರುತು ಫೋನಿನ ಸಂಗ್ರಹದಲ್ಲಿ ಪ್ರತ್ಯೇಕವಾದ ಒಂದು ಭಾಗದಲ್ಲಿರುತ್ತದೆ. ರೀಸೆಟ್ ಮಾಡಿದಾಗ ಉಳಿದೆಲ್ಲವೂ ಅಳಿದರೂ ಆ ಭಾಗವನ್ನು ಯಂತ್ರ ಮುಟ್ಟುವುದಿಲ್ಲ. ಮನೆ ಕೆಡವಿದರೂ ಪಹಣಿಯಲ್ಲಿ ಹೆಸರು ಉಳಿಯುವ ಹಾಗೆ. ಮತ್ತೆ ಮತ್ತೆ ರೀಸೆಟ್ ಮಾಡುವುದರಿಂದ ಪ್ರಯೋಜನವಿಲ್ಲದಿರುವುದು ಇದಕ್ಕೇ.

ಇಲ್ಲಿಂದಲೇ ಒಂದು ಮುಖ್ಯ ಸುಳಿವು ಸಿಗುತ್ತದೆ. ಫೋನ್ ಕೇಳುವುದು ಅದು ಲಾಕ್ ಆದ ದಿನ ಅದರೊಳಗಿದ್ದ ಖಾತೆಯನ್ನು. ಎಂದೋ ಒಂದು ಕಾಲದಲ್ಲಿ ಅದನ್ನು ಬಳಸಿದವರೆಲ್ಲರ ಖಾತೆಯನ್ನಲ್ಲ. ನೀವು ಮಾಡಿಕೊಟ್ಟ ಜಿಮೇಲ್ ತಂದೆಯವರದೇ ಆಗಿದ್ದರೂ ಅದನ್ನು ಆ ಫೋನಿಗೆ ಸೇರಿಸಿಯೇ ಇರಲಿಲ್ಲ ಎಂದು ಕಾಣುತ್ತದೆ, ಬಹುಶಃ ನಿಮ್ಮ ಫೋನಿನಲ್ಲೇ ಇಟ್ಟುಕೊಂಡಿದ್ದಿರಿ. ಆದರೂ ತಂದೆಯವರು ಒಂದೂವರೆ ವರ್ಷ ಪ್ಲೇ ಸ್ಟೋರ್ ಬಳಸಿ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಿಕೊಂಡಿದ್ದರೆ ಯಾವುದೋ ಒಂದು ಗೂಗಲ್ ಖಾತೆ ಒಳಗೆ ಇದ್ದೇ ಇತ್ತು. ಅದು ಮೂವರಲ್ಲಿ ಒಬ್ಬರದು. ತಂದೆಯವರ ಹೆಸರಿನಲ್ಲಿ ಅಂಗಡಿಯ ಹುಡುಗ ಆಗಲೇ ಹೊಸದಾಗಿ ಮಾಡಿದ್ದು, ಅಂಗಡಿಯವರದೇ ಸ್ವಂತದ್ದು, ಇಲ್ಲವೇ ಫೋನಿನ ಹಿಂದಿನ ಮಾಲೀಕನದು.

ತಂದೆಯವರನ್ನು ಕೂರಿಸಿಕೊಂಡು ನಿಧಾನವಾಗಿ ಕೆಲವು ಪ್ರಶ್ನೆ ಕೇಳಿ. ನಂಬರುಗಳ ಪಟ್ಟಿಯಲ್ಲಿ ಗುರುತು ಪರಿಚಯವಿಲ್ಲದ ಹೆಸರುಗಳು ಇದ್ದವೇ? ಯೂಟ್ಯೂಬ್ ತೆರೆದರೆ ಅವರು ಎಂದೂ ನೋಡದ ಬಗೆಯ ವಿಡಿಯೋಗಳು ಬರುತ್ತಿದ್ದವೇ? ಪ್ಲೇ ಸ್ಟೋರಿನ ಮೂಲೆಯಲ್ಲಿ ಬಣ್ಣದ ವೃತ್ತದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದು ಅವರ ಹೆಸರಿನ ಮೊದಲಕ್ಷರವೇ ಆಗಿತ್ತೇ, ಬೇರೆಯೇ? ಯಾರದೋ ಮದುವೆಯ, ಯಾರದೋ ಮಗುವಿನ ಫೋಟೋ ಎಂದಾದರೂ ಗ್ಯಾಲರಿಯಲ್ಲಿ ಕಂಡಿತ್ತೇ? ಇಂಥದ್ದು ಇದ್ದರೂ ಹಿರಿಯರು ಹೇಳಿರುವುದಿಲ್ಲ, ಫೋನ್ ಎಂದರೆ ಹೀಗೇ ಇರಬೇಕು ಎಂದುಕೊಂಡು ಸುಮ್ಮನಿರುತ್ತಾರೆ. ಅಪರಿಚಿತ ಹೆಸರುಗಳು ಇದ್ದವು ಎಂದರೆ ಖಾತೆ ಅಂಗಡಿಯವರದು ಅಥವಾ ಹಿಂದಿನ ಮಾಲೀಕನದು. ಇರಲಿಲ್ಲ, ತಮ್ಮ ನಂಬರುಗಳೇ ಇದ್ದವು ಎಂದರೆ ಖಾತೆ ತಂದೆಯವರದೇ. ಅವರಿಗೇ ಗೊತ್ತಿಲ್ಲ, ಅಷ್ಟೇ.

ಹಾಸನ, ಚಿಕ್ಕಮಗಳೂರು ಕಡೆಯ ಅಂಗಡಿಗಳ ರೂಢಿ ಬಲ್ಲವನಾಗಿ ಹೇಳುವುದಾದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ವಯಸ್ಸಾದವರು ಫೋನ್ ಕೊಂಡಾಗ ಹುಡುಗರು ಕ್ಷಣದಲ್ಲಿ ಒಂದು ಜಿಮೇಲ್ ಮಾಡಿ, ಏನೋ ಒಂದು ಪಾಸ್‌ವರ್ಡ್ ಒತ್ತಿ, ಮುಂದಿನ ಗಿರಾಕಿಯ ಕಡೆಗೆ ತಿರುಗುತ್ತಾರೆ. ಹೇಳುವುದೂ ಇಲ್ಲ, ಬರೆದುಕೊಡುವುದೂ ಇಲ್ಲ. ಬರೆದಿದ್ದರೆ ಫೋನಿನ ಡಬ್ಬಿಯ ಒಳಮುಚ್ಚಳದಲ್ಲೋ, ಸಿಮ್ ಅಂಟಿಸಿದ್ದ ಕಾರ್ಡಿನ ಹಿಂದೆಯೋ ಇರುತ್ತದೆ, ಮೊದಲು ಅಲ್ಲಿ ನೋಡಿ.

ಸಿಗದಿದ್ದರೆ ಹೀಗೆ ಮಾಡಿ. ತಂದೆಯವರ ಸಿಮ್ಮನ್ನು ಬೇರೊಂದು ಫೋನಿಗೆ ಹಾಕಿ, ಸಂದೇಶ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೂಗಲ್ ಸೈನ್ ಇನ್ ಪುಟ ತೆರೆದು, ಇಮೇಲ್ ವಿಳಾಸ ಹಾಕುವ ಜಾಗದ ಕೆಳಗಿರುವ, ಇಮೇಲ್ ಮರೆತಿದ್ದರೆ ಒತ್ತಬೇಕಾದ ಕೊಂಡಿಯನ್ನು ಒತ್ತಿ. ಫೋನ್ ನಂಬರ್ ಕೇಳುತ್ತದೆ, ತಂದೆಯವರ ನಂಬರ್ ಕೊಡಿ. ಮುಂದೆ ಹೆಸರು ಕೇಳುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಖಾತೆ ಮಾಡುವಾಗ ಹುಡುಗ ಯಾವ ಹೆಸರು ಒತ್ತಿದ್ದನೋ ಅದೇ ಬೇಕು. ಆಧಾರ್‌ನಲ್ಲಿರುವ ಹೆಸರೇ ಆಗಿರಬೇಕೆಂದಿಲ್ಲ. ಇನಿಷಿಯಲ್ ಹಿಂದೆ ಮುಂದೆ ಆಗಿರಬಹುದು, ಹೆಸರಿಗೆ ‘ಗೌಡ’ ಎಂದೋ ‘ಅಣ್ಣ’ ಎಂದೋ ಸೇರಿಸಿರಬಹುದು, ಕಾಗುಣಿತ ತಪ್ಪಿರಬಹುದು. ಊರಿನ ಹೆಸರನ್ನೇ ಕೊನೆಯ ಹೆಸರಾಗಿ ಹಾಕುವ ಹುಡುಗರೂ ಇದ್ದಾರೆ. ಅಂಗಡಿಯವನು ನಿಮ್ಮ ತಂದೆಯವರನ್ನು ಏನೆಂದು ಕರೆಯುತ್ತಿದ್ದ ಎಂದು ಯೋಚಿಸಿದರೆ ಅರ್ಧ ದಾರಿ ಸವೆದಂತೆ. ಹೆಸರು ಹೊಂದಿದರೆ ಸಿಮ್‌ಗೆ ಕೋಡ್ ಬರುತ್ತದೆ. ಅದನ್ನು ಹಾಕಿದೊಡನೆ ಆ ನಂಬರಿಗೆ ಸೇರಿದ ಖಾತೆಗಳ ಪಟ್ಟಿಯೇ ಕಾಣುತ್ತದೆ.

ವಿಳಾಸ ಸಿಕ್ಕ ಮೇಲೆ ಪಾಸ್‌ವರ್ಡ್ ಬದಲಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಎರಡು ಎಚ್ಚರಿಕೆ ಮಾತ್ರ. ಮೊದಲನೆಯದು, ಈ ಕೆಲಸವನ್ನು ಬೆಂಗಳೂರಿನ ಸ್ನೇಹಿತರ ಮೂಲಕವೋ ಸೈಬರ್ ಸೆಂಟರಿನಲ್ಲೋ ಮಾಡಿಸಬೇಡಿ. ಖಾತೆಯನ್ನು ಹಿಂದೆ ಬಳಸುತ್ತಿದ್ದ ಜಾಗ, ಹಿಂದಿನ ವೈಫೈ, ಪರಿಚಿತ ಸಾಧನ ಇದ್ದರೆ ಗೂಗಲ್ ಬೇಗ ನಂಬುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಅಲ್ಲಿಯೇ ಕುಳಿತು ಮಾಡಿ. ಎರಡನೆಯದು, ಪಾಸ್‌ವರ್ಡ್ ಬದಲಿಸಿದ ತಕ್ಷಣ ಅದನ್ನು ಲಾಕ್ ಆದ ಫೋನಿಗೆ ಹಾಕಿದರೆ ಅದು ಒಪ್ಪದಿರಬಹುದು. ಹೊಸದಾಗಿ ಬದಲಾದ ಪಾಸ್‌ವರ್ಡನ್ನು ಒಂದು ದಿನ ಅನುಮಾನದಿಂದಲೇ ನೋಡುವುದು ಈ ಕಾವಲಿನ ಸ್ವಭಾವ. ಕಳ್ಳನೂ ಪಾಸ್‌ವರ್ಡ್ ಬದಲಿಸಿ ಬರಬಹುದಲ್ಲ? ತಪ್ಪು ಖಾತೆಯೆಂದು ಬೇಸತ್ತು ಬಿಟ್ಟುಬಿಡಬೇಡಿ, ಇನ್ನೊಂದು ಪಾಸ್‌ವರ್ಡಿಗೆ ಬದಲಿಸಲೂ ಬೇಡಿ. ಬದಲಿಸಿದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಫೋನನ್ನು ಚಾರ್ಜ್ ಮಾಡಿ ಬದಿಗಿಟ್ಟು ಇಪ್ಪತ್ತನಾಲ್ಕು ಗಂಟೆ ದಾಟಿದ ಮೇಲೆ ಹಾಕಿ.

ಇದರ ಜೊತೆಗೇ ಇನ್ನೊಂದು ದಾರಿಯನ್ನು ನೋಡಿ. ಹಲವು ಫೋನ್‌ಗಳಲ್ಲಿ ಖಾತೆ ಕೇಳುವ ಅದೇ ಪರದೆಯಲ್ಲಿ, ಖಾತೆಯ ಬದಲು ಹಳೆಯ ಪ್ಯಾಟರ್ನ್ ಬಳಸುವ ಆಯ್ಕೆಯೂ ಇರುತ್ತದೆ. ಅದು ಇದ್ದರೆ, ತಂದೆಯವರ ಕೈಗೆ ನಿಮ್ಮ ಫೋನನ್ನು ಪ್ಯಾಟರ್ನ್ ಚುಕ್ಕಿಗಳು ಕಾಣುವಂತೆ ಕೊಟ್ಟು, ಯೋಚಿಸದೆ ಎಳೆಯಿರಿ ಎನ್ನಿ. ಅವರು ಎಳೆದದ್ದನ್ನು ಕಾಗದದಲ್ಲಿ ಬರೆದುಕೊಂಡು, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಎಳೆಸಿ. ಹೀಗೆ ಸಿಕ್ಕವನ್ನು ಮಾತ್ರ ಆ ಫೋನಿನಲ್ಲಿ ಪ್ರಯತ್ನಿಸಿ. ಸಿಕ್ಕಸಿಕ್ಕದ್ದನ್ನೆಲ್ಲ ಎಳೆಯುತ್ತ ಹೋದರೆ ಕಾಯುವ ಅವಧಿ ಬೆಳೆಯುತ್ತ ಹೋಗುತ್ತದೆ.

ಪರದೆಯನ್ನು ಇನ್ನೊಮ್ಮೆ ಓದಿ ಎಂದೂ ಹೇಳಬೇಕು. ಕೇಳುತ್ತಿರುವುದು ಗೂಗಲ್ ಖಾತೆಯೋ, ಫೋನ್ ತಯಾರಿಸಿದ ಕಂಪನಿಯ ಖಾತೆಯೋ? ಶಿಯೋಮಿ, ಸ್ಯಾಮ್‌ಸಂಗ್ ಮುಂತಾದವುಗಳಿಗೆ ತಮ್ಮದೇ ಖಾತೆ, ತಮ್ಮದೇ ಲಾಕ್ ಇವೆ. ಅವಕ್ಕೆ ಗೂಗಲ್ ಪಾಸ್‌ವರ್ಡ್ ಹಾಕಿ ಬೆವರು ಸುರಿಸಿದವರನ್ನು ನೋಡಿದ್ದೇನೆ. ಸಾಲದ ಮೇಲೆ ಕೊಂಡ ಫೋನ್‌ಗಳಲ್ಲಿ ಸಾಲ ಕೊಟ್ಟವರು ಹಾಕಿದ ಲಾಕ್ ಮೂರನೆಯ ಬಗೆ. ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಅದು ಕಂಡರೆ ಮೊದಲ ಮಾಲೀಕ ಕಂತು ಕಟ್ಟದೆ ಮಾರಿದ್ದಾನೆ ಎಂದೇ ತಿಳಿಯಿರಿ. ನಿಮ್ಮದು ಗೂಗಲ್ ಲಾಕ್ ಎಂದು ನೀವು ಸ್ಪಷ್ಟವಾಗಿ ಬರೆದಿದ್ದೀರಿ, ಸರಿ.

ಅಪರಿಚಿತ ಹೆಸರುಗಳು ಇದ್ದವು ಎಂದು ತಂದೆ ಹೇಳಿದರೆ ನೇರ ಹಾಸನದ ಅದೇ ಅಂಗಡಿಗೆ ಹೋಗಿ. ಕೆಲವು ಅಂಗಡಿಗಳಲ್ಲಿ ಒಂದು ಕೆಟ್ಟ ಚಾಳಿ ಇದೆ. ತಮ್ಮದೊಂದು ಜಿಮೇಲನ್ನೇ ಬಂದ ಗಿರಾಕಿಗಳ ಫೋನಿಗೆಲ್ಲ ಹಾಕಿಬಿಡುತ್ತಾರೆ. ಆ್ಯಪ್ ಇಳಿಸಿಕೊಡಲು ಸುಲಭ, ಒಂದೇ ಪಾಸ್‌ವರ್ಡ್. ಪರಿಣಾಮ ಏನು ಗೊತ್ತೇ? ಆ ಗಿರಾಕಿಗಳೆಲ್ಲರ ನಂಬರುಗಳು ಒಂದೇ ಖಾತೆಗೆ ಹೋಗಿ ಸೇರಿ, ಎಲ್ಲರ ಫೋನಿಗೂ ಮರಳಿ ಬರುತ್ತವೆ. ಬ್ಯಾಕಪ್ ಚಾಲೂ ಇದ್ದರೆ ಫೋಟೋಗಳೂ ಅಷ್ಟೇ. ಖಾತೆಯ ಪಾಸ್‌ವರ್ಡ್ ಇದ್ದವನು ಆ ಫೋನ್‌ಗಳು ಎಲ್ಲಿವೆ ಎಂದು ನಕ್ಷೆಯಲ್ಲಿ ನೋಡಬಲ್ಲ, ಬೇಕೆಂದರೆ ದೂರದಿಂದ ಅಳಿಸಲೂಬಲ್ಲ. ಅಂಗಡಿಯವನಿಗೆ ದುರುದ್ದೇಶ ಇರಬೇಕೆಂದಿಲ್ಲ, ಸೋಮಾರಿತನವೇ ಸಾಕು. ನಿಮ್ಮ ಫೋನಿನಲ್ಲಿದ್ದದ್ದು ಇಂಥ ಖಾತೆ ಎಂದಾದರೆ ಅವನೇ ಪಾಸ್‌ವರ್ಡ್ ಹಾಕಿ ಫೋನ್ ತೆರೆದುಕೊಡಲಿ. ನಂಬರುಗಳು ಇಳಿದು ಬರುವವರೆಗೆ ಅಂಗಡಿಯಲ್ಲಿಯೇ ಕಾಯಿರಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ತಂದೆಯವರ ನಂಬರುಗಳನ್ನು ಆರಿಸಿ ಒಂದು ಕಡತವಾಗಿ ರಫ್ತು ಮಾಡಿ ನಿಮ್ಮ ಫೋನಿಗೆ ಕಳುಹಿಸಿಕೊಳ್ಳಿ. ಆ ಖಾತೆಯಲ್ಲಿ ತಂದೆಯವರ ಫೋಟೋಗಳಿದ್ದರೆ ಅವನ್ನೂ ಇಳಿಸಿಕೊಂಡು, ಅಲ್ಲಿಂದ ಅಳಿಸಿ. ಆಮೇಲೆ ಆ ಖಾತೆಯನ್ನು ಅವನ ಎದುರಿಗೇ ಫೋನಿನಿಂದ ತೆಗೆಯಿರಿ.

ಹಿಂದಿನ ಮಾಲೀಕನದಾದರೆ ವಿಷಯ ಸ್ವಲ್ಪ ನಾಜೂಕು. ಎಷ್ಟೋ ಅಂಗಡಿಯವರು ಫೋನ್ ಕೊಳ್ಳುವಾಗ ಫೋಟೋ ಅಳಿಸಿ, ಪರದೆ ಒರೆಸಿ, ಖಾತೆಯನ್ನು ಹಾಗೆಯೇ ಬಿಟ್ಟು ಮಾರುತ್ತಾರೆ. ಆ ಮನುಷ್ಯ ತನ್ನ ಖಾತೆ ಇನ್ನೊಬ್ಬರ ಜೇಬಿನಲ್ಲಿದೆ ಎಂಬುದನ್ನೇ ಅರಿಯದೆ ಎಲ್ಲೋ ಇರುತ್ತಾನೆ. ಅಂಗಡಿಯವರ ಬಳಿ ಅವನ ನಂಬರ್ ಇರಬೇಕು. ನೀವೇ ಫೋನ್ ಮಾಡಿ ಪಾಸ್‌ವರ್ಡ್ ಕೇಳಬೇಡಿ. ವಂಚಕರು ಕೇಳುವುದೂ ಹೀಗೇ ಆದ್ದರಿಂದ, ಬುದ್ಧಿಯಿದ್ದವರು ಯಾರೂ ಕೊಡುವುದಿಲ್ಲ, ಕೊಡಲೂ ಬಾರದು. ಅಂಗಡಿಯವರ ಮೂಲಕ ಹೇಳಿಸಿ, ಅಂಗಡಿಯಲ್ಲೇ ಭೇಟಿಯಾಗಿ, ಅವನೇ ತನ್ನ ಕೈಯಿಂದ ಪಾಸ್‌ವರ್ಡ್ ಒತ್ತಲಿ. ಎರಡು ಹಂತದ ಪರಿಶೀಲನೆ ಇಟ್ಟುಕೊಂಡಿದ್ದರೆ ಕೋಡ್ ಅವನ ಈಗಿನ ಫೋನಿಗೇ ಬರುವುದರಿಂದ ಎದುರಿಗೆ ಇರುವುದೇ ಒಳ್ಳೆಯದು. ತೆರೆದ ಮೇಲೆ ಖಾತೆಯನ್ನು ಅವನೇ ತೆಗೆಯಲಿ. ಬಸ್ ಚಾರ್ಜ್, ಒಂದು ಕಾಫಿ ನಿಮ್ಮ ಲೆಕ್ಕಕ್ಕೆ.

ಇದೇ ತೊಂದರೆ ಐಫೋನಿನದಾದರೆ ಮಾತು ಬೇರೆ. ಆ್ಯಪಲ್ 2013ರಲ್ಲಿ ಐಒಎಸ್ 7ರ ಜೊತೆ ತಂದ ಆ್ಯಕ್ಟಿವೇಶನ್ ಲಾಕ್ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಅದನ್ನು ಹಿಂದಿನ ಮಾಲೀಕ ದೂರದೂರಿನಿಂದಲೇ ಐಕ್ಲೌಡ್ ಪುಟಕ್ಕೆ ಹೋಗಿ ತೆಗೆಯಬಹುದು. ಮೂಲ ಬಿಲ್ ಇದ್ದರೆ ಕಂಪನಿಗೂ ಮನವಿ ಸಲ್ಲಿಸಬಹುದು. ಇವೆರಡೂ ಇಲ್ಲದಿದ್ದರೆ ಆ ಐಫೋನ್ ಬಿಡಿಭಾಗಕ್ಕೆ ಮಾತ್ರ, 2024ರ ಐಒಎಸ್ 18 ಬಂದ ಮೇಲೆ ಕೆಲವು ಬಿಡಿಭಾಗಗಳಿಗೂ ಆ ಲಾಕ್ ಹಬ್ಬಿದೆ.

ಇನ್ನು ನಿಮ್ಮ ಕಳವಿನ ಭಯ. ಲಾಕ್ ಆದ ಫೋನಿನಲ್ಲಿಯೂ ತುರ್ತು ಕರೆಯ ಪರದೆ ತೆರೆಯುತ್ತದೆ. ಹಲವು ಫೋನ್‌ಗಳಲ್ಲಿ ಅಲ್ಲಿಯೇ *#06# ಒತ್ತಿದರೆ ಹದಿನೈದು ಅಂಕಿಗಳ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಕಾಣುತ್ತದೆ. ಕಾಣದಿದ್ದರೆ ಡಬ್ಬಿಯ ಮೇಲೆ ಇರುತ್ತದೆ, ಕೆಲವು ಫೋನ್‌ಗಳ ಸಿಮ್ ತಟ್ಟೆಯ ಮೇಲೂ ಕೆತ್ತಿರುತ್ತಾರೆ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆಗಳು. ನಿಮ್ಮ ಫೋನಿನಿಂದ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಕೆ, ವೈ, ಎಂ ಎಂದು ಒತ್ತಿ, ಒಂದು ಜಾಗ ಬಿಟ್ಟು ಆ ಹದಿನೈದು ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಕಳುಹಿಸಿ. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿಯೂ ಇದನ್ನೇ ನೋಡಬಹುದು. 2023ರ ಮೇ ತಿಂಗಳಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ, ಕಳೆದ ಫೋನನ್ನು ಮಾಲೀಕರು ಬ್ಲಾಕ್ ಮಾಡಿಸಿದರೆ ದೇಶದ ಯಾವ ನೆಟ್‌ವರ್ಕ್‌ನಲ್ಲಿಯೂ ಅದು ಕೆಲಸ ಮಾಡಬಾರದು. ಉತ್ತರದಲ್ಲಿ ಮೊದಲು ಕಂಪನಿ, ಮಾದರಿ ನೋಡಿ. ಕೈಯಲ್ಲಿರುವ ಫೋನ್ ಒಂದು ಕಂಪನಿಯದು, ಉತ್ತರ ಇನ್ನೊಂದರದು ಎಂದಾದರೆ ಐಎಂಇಐ ತಿದ್ದಲಾಗಿದೆ ಎಂಬ ಬಲವಾದ ಅನುಮಾನಕ್ಕೆ ಎಡೆಯಿದೆ. ಕಪ್ಪುಪಟ್ಟಿಯಲ್ಲಿದೆ, ನಕಲಿ, ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೂ ಫೋನನ್ನು ಮತ್ತೆ ಮುಟ್ಟಬೇಡಿ.

ಏನೂ ಬರದಿದ್ದರೆ ಪೂರ್ತಿ ನಿರಾಳವೇ? ಇಲ್ಲ. ಯಾರೂ ಬ್ಲಾಕ್ ಮಾಡಿಸಿಲ್ಲ ಎಂದಷ್ಟೇ ಅದರ ಅರ್ಥ. ಜಾತ್ರೆಯಲ್ಲೋ ಬಸ್ಸಿನಲ್ಲೋ ಫೋನ್ ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಹಣೆಬರಹ ಎಂದು ಸುಮ್ಮನಾಗುತ್ತಾರೆ. ಆದರೂ ತಂದೆಯವರು ತಮ್ಮದೇ ಸಿಮ್ ಹಾಕಿಕೊಂಡು ಒಂದೂವರೆ ವರ್ಷ ತಡೆಯಿಲ್ಲದೆ ಬಳಸಿದ್ದಾರೆ, ಯಾರೂ ಹುಡುಕಿಕೊಂಡು ಬಂದಿಲ್ಲ. ಇದರ ಜೊತೆ ಉತ್ತರವೂ ಶುದ್ಧವಾಗಿ ಬಂದರೆ ನಾನಾದರೆ ಕಳವಿನ ಯೋಚನೆಯನ್ನು ಬಿಟ್ಟು ಖಾತೆ ಹುಡುಕುವುದಕ್ಕೆ ಹೊರಡುತ್ತೇನೆ.

ಒಂದು ವೇಳೆ ಕಳವಿನದೇ ಎಂದು ಗೊತ್ತಾದರೆ? ಕದ್ದ ವಸ್ತುವನ್ನು ಮಾರಿದವನಿಗೇ ಅದರ ಒಡೆತನ ಇರುವುದಿಲ್ಲವಾದ್ದರಿಂದ ಕೊಂಡವರಿಗೂ ಬರುವುದಿಲ್ಲ. ಸರಕು ಮಾರಾಟ ಕಾಯ್ದೆ 1930ರಿಂದಲೂ ಇದನ್ನೇ ಹೇಳುತ್ತಿದೆ. ಫೋನ್ ಮೂಲ ಮಾಲೀಕರಿಗೆ ಸೇರಬೇಕಾಗುತ್ತದೆ. ಆದರೆ ನಿಮ್ಮ ತಂದೆ ಅಪರಾಧಿಯಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಶಿಕ್ಷಿಸುವುದು ಕಳವಿನದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ, ಅಪ್ರಾಮಾಣಿಕವಾಗಿ ಇಟ್ಟುಕೊಂಡವರನ್ನು. ಅಂಗಡಿಯಲ್ಲಿ ಹಗಲು ಹೊತ್ತಿನಲ್ಲಿ ಮಾರುಕಟ್ಟೆಯ ಬೆಲೆ ಕೊಟ್ಟು ಕೊಂಡದ್ದಕ್ಕೆ ನಿಮ್ಮ ಯುಪಿಐ ದಾಖಲೆಯೇ ಸಾಕ್ಷಿ. ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಆ ದಿನದ ಸಾಲನ್ನು ಇವತ್ತೇ ತೆಗೆದಿಟ್ಟುಕೊಳ್ಳಿ. ಅದನ್ನೂ ಫೋನನ್ನೂ ತೆಗೆದುಕೊಂಡು ಠಾಣೆಗೆ ನೀವೇ ಹೋಗುವುದು, ಠಾಣೆಯಿಂದ ಕರೆ ಬರುವವರೆಗೆ ಕಾಯುವುದಕ್ಕಿಂತ ಎಷ್ಟೋ ಮೇಲು.

ಈಗ ಒಡೆಯುವವರ ಬಗ್ಗೆ. ಅವರು ಮಾಡುವುದು ಮಂತ್ರವಲ್ಲ. ಹಳೆಯ ಆಂಡ್ರಾಯ್ಡ್‌ಗಳ ಸೆಟಪ್ ಪರದೆಯಲ್ಲಿ ಕೀಬೋರ್ಡ್, ಓದಿ ಹೇಳುವ ಸೌಲಭ್ಯ ಮುಂತಾದವುಗಳ ಸಂದಿಯಿಂದ ಬ್ರೌಸರಿಗೆ ನುಸುಳಿ, ಅಲ್ಲಿಂದ ಯಾವುದೋ ಆ್ಯಪ್ ಇಳಿಸಿ ಕಾವಲನ್ನು ದಾಟುತ್ತಾರೆ. ಇಲ್ಲವೇ ಕಂಪ್ಯೂಟರಿಗೆ ಜೋಡಿಸಿ ಇಡೀ ಸಾಫ್ಟ್‌ವೇರನ್ನೇ ಫ್ಲ್ಯಾಶ್ ಮಾಡುತ್ತಾರೆ, ಅಂದರೆ ಅಳಿಸಿ ಹೊಸದಾಗಿ ತುಂಬುತ್ತಾರೆ. ಭದ್ರತಾ ಅಪ್‌ಡೇಟ್‌ಗಳು ಬಂದಂತೆಲ್ಲ ಈ ಸಂದಿಗಳು ಮುಚ್ಚುತ್ತ ಬಂದಿವೆ. ಆಂಡ್ರಾಯ್ಡ್ 15ರಲ್ಲಿ ಸೆಟಪ್ಪನ್ನು ಹೇಗೋ ದಾಟಿದರೂ ಕಾವಲು ಹೋಗುವುದಿಲ್ಲ. ನನ್ನ ಆಕ್ಷೇಪ ಅದು ಆಗುತ್ತದೋ ಇಲ್ಲವೋ ಎಂಬುದರ ಬಗ್ಗೆಯಲ್ಲ. ಎಲ್ಲಿಂದಲೋ ಇಳಿಸಿದ ಆ್ಯಪ್ ಅಥವಾ ಸಾಫ್ಟ್‌ವೇರ್ ಹೊಕ್ಕ ಫೋನಿಗೆ ಮರುದಿನ ನೀವು ತಂದೆಯವರ ಯುಪಿಐ ಹಾಕುತ್ತೀರಿ, ಬೆಳೆ ಮಾರಿದ ಹಣ ಬರುವ ಖಾತೆಯನ್ನು ಜೋಡಿಸುತ್ತೀರಿ. ಅದರೊಳಗೆ ಏನು ಉಳಿದಿದೆ ಎಂದು ಒಡೆದವನಿಗೂ ಗೊತ್ತಿರುವುದಿಲ್ಲ. ಇನ್ನು ‘ಐಎಂಇಐ ಕೂಡ ಬದಲಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದೂರಸಂಪರ್ಕ ಕಾಯ್ದೆ 2023ರ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ.

ಒಡೆಸಲೇಬೇಕು ಎನ್ನುವ ಪರಿಸ್ಥಿತಿ ಬಂದರೆ ತಯಾರಕರ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಖರೀದಿಯ ದಾಖಲೆ, ಗುರುತಿನ ಚೀಟಿ ತೋರಿಸಿದರೆ ಕೆಲವು ಕಂಪನಿಗಳು ತಮ್ಮದೇ ಸಾಫ್ಟ್‌ವೇರ್ ಹಾಕಿ ತೆರೆದುಕೊಡುತ್ತವೆ. ಸೆಂಟರಿನ ವಿಳಾಸವನ್ನು ಕಂಪನಿಯ ತಾಣದಲ್ಲೇ ನೋಡಿಕೊಳ್ಳಿ. ಬೋರ್ಡಿನ ಮೇಲೆ ಕಂಪನಿಯ ಹೆಸರು ಬರೆದುಕೊಂಡವರೆಲ್ಲ ಅಧಿಕೃತರಲ್ಲ. ಇದಕ್ಕೆ ಬಿಲ್ ಬೇಕು, ನಿಮಗೆ ಬಿಲ್ ಕೊಟ್ಟಿಲ್ಲ. ಆದ್ದರಿಂದ ಮಾರಿದ ಅಂಗಡಿಯವರಿಂದ ಐಎಂಇಐ ನಮೂದಿಸಿದ, ಮಾರಿದ ದಿನದ ದಿನಾಂಕವಿರುವ ರಸೀದಿಯನ್ನು ಈಗಲಾದರೂ ಬರೆಸಿಕೊಳ್ಳಿ. ಕೊಡುವುದಿಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು, ಕೊಂಡ ದಿನದಿಂದ ಲೆಕ್ಕ ಹಾಕಿದರೂ ನಿಮಗಿನ್ನೂ ಕಾಲಾವಕಾಶ ಇದೆ. ಏಳೂವರೆ ಸಾವಿರಕ್ಕಾಗಿ ಆಯೋಗದ ಮೆಟ್ಟಿಲು ಹತ್ತಿ ಎಂದು ನಾನು ಹೇಳಲಾರೆ. ಆದರೆ ಲಿಖಿತವಾಗಿ ಒಂದು ನೋಟಿಸ್ ಕೊಟ್ಟರೆ ಕಳೆದುಹೋಗಿದ್ದ ರಿಜಿಸ್ಟರುಗಳು ಅಂಗಡಿಗಳಲ್ಲಿ ತಟ್ಟನೆ ಸಿಗುತ್ತವೆ.

ಕೊನೆಗೆ, ನಿಜವಾಗಿ ನಿಮ್ಮನ್ನು ಕಾಡುತ್ತಿರುವ ಆ ಲೆಕ್ಕಗಳು. ಫೋನಿನೊಳಗೆ ಮಾತ್ರ ಇದ್ದದ್ದು ಹೋಯಿತು. ಈಗಿನ ಫೋನ್‌ಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರುತ್ತದೆ, ರೀಸೆಟ್ ಅದರ ಕೀಲಿಯನ್ನೇ ಅಳಿಸುತ್ತದೆ. ‘ಡೇಟಾ ರಿಕವರಿ’ ಮಾಡಿಕೊಡುತ್ತೇವೆ ಎನ್ನುವವರಿಗೆ ಹಣ ಸುರಿಯಬೇಡಿ. ಖಾತೆ ಸಿಕ್ಕರೆ ಅದರ ಕಾಂಟ್ಯಾಕ್ಟ್ಸ್‌ನಲ್ಲಿ ನಂಬರುಗಳು, ಬ್ಯಾಕಪ್ ಚಾಲೂ ಇದ್ದಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಚಿತ್ರಗಳು, ಡ್ರೈವ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಇರುತ್ತವೆ. ವಾಟ್ಸ್‌ಆ್ಯಪ್ ಮಾತ್ರ ಜಿಮೇಲ್‌ಗೆ ಕಟ್ಟುಬಿದ್ದದ್ದಲ್ಲ, ಅದು ನಂಬರಿಗೆ ಸೇರಿದ್ದು. ತಂದೆಯವರ ಸಿಮ್ ಇರುವ ಇನ್ನೊಂದು ಫೋನಿನಲ್ಲಿ ಇಂದೇ ಹಾಕಬಹುದು, ಗುಂಪುಗಳೆಲ್ಲ ಹಾಗೆಯೇ ಇರುತ್ತವೆ, ಹಳೆಯ ಸಂದೇಶಗಳಷ್ಟೇ ಇರುವುದಿಲ್ಲ. ಇಲ್ಲಿ ಒಂದು ತಾಳ್ಮೆ ಬೇಕು. ಹೊಸ ಫೋನಿನಲ್ಲಿ ಹಾಕಿ, ಹೊಸದಾಗಿ ಬ್ಯಾಕಪ್ ಶುರುಮಾಡಿದ ಮೇಲೆ ಹಳೆಯ ಸಂದೇಶಗಳನ್ನು ಮರಳಿ ತರುವುದು ತೊಡಕು. ಒಂದೆರಡು ವಾರ ಖಾತೆ ಹುಡುಕಿ, ಆಮೇಲೆ ಹಾಕುವುದು ಲೇಸು.

ಖಾತೆ ಸಿಗದೇ ಹೋದರೂ ಮಳೆಯ ಲೆಕ್ಕ ಪೂರ್ತಿ ಹೋಗಿರಲಾರದು. ನಿಮ್ಮ ಕಡೆಯ ಬೆಳೆಗಾರರು ಹೂಮಳೆ ಬಿದ್ದ ಬೆಳಿಗ್ಗೆ ಮಾಡುವ ಮೊದಲ ಕೆಲಸ, ತಮ್ಮ ತೋಟದಲ್ಲಿ ಎಷ್ಟು ಇಂಚು ಎಂದು ಗುಂಪಿಗೆ ಹಾಕುವುದು. ತಂದೆಯವರೂ ಹಾಕುತ್ತಿದ್ದರೆ ಅವರ ಅಂಕಿಗಳು ಆ ಗುಂಪಿನ ಉಳಿದವರ ಫೋನಿನಲ್ಲಿ ದಿನಾಂಕ ಸಹಿತ ಇವೆ. ಗುಂಪಿನಲ್ಲಿರುವ ಒಬ್ಬ ಆತ್ಮೀಯರನ್ನು ಕೇಳಿ. ಗುಂಪಿನ ಮೆನುವಿನಲ್ಲಿ ಚಾಟ್ ರಫ್ತು ಮಾಡುವ ಆಯ್ಕೆ ಇದೆ, ಫೋಟೋ ಬಿಟ್ಟು ಬರಹ ಮಾತ್ರ ಕಳುಹಿಸಲಿ. ಆ ಕಡತದಲ್ಲಿ ತಂದೆಯವರ ಹೆಸರನ್ನು ಹುಡುಕಿದರೆ ಅವರು ಹಾಕಿದ ಸಾಲುಗಳು ಒಂದೊಂದಾಗಿ ಸಿಗುತ್ತವೆ. ಬಟವಾಡೆ ಲೆಕ್ಕದಲ್ಲಿ ಯುಪಿಐನಿಂದ ಕೊಟ್ಟದ್ದು ಬ್ಯಾಂಕಿನಲ್ಲಿದೆ. ನಗದು ಕೊಟ್ಟದ್ದಕ್ಕೆ ಮೇಸ್ತ್ರಿಯ ಪುಸ್ತಕ ನೋಡಿ.

ಫೋನ್ ತೆರೆದ ದಿನ ಅದರಲ್ಲಿರುವ ಹಳೆಯ ಖಾತೆ ಬೇರೆಯವರದಾದರೆ ತೆಗೆದು, ನೀವು ಮಾಡಿಕೊಟ್ಟ ಜಿಮೇಲ್ ಸೇರಿಸಿ, ಮರುಪಡೆಯುವ ನಂಬರ್ ಆಗಿ ನಿಮ್ಮದನ್ನು ಕೊಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಕಡೆಯೇ ಇಡಿ. ಮುಂದೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವುದಾದರೆ ಹಣ ಕೊಡುವ ಮೊದಲೇ, ಅಂಗಡಿಯವರ ಎದುರಿಗೆ, ಅದರ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಗಳ ಪ್ರತಿಯೊಂದು ಹೆಸರನ್ನೂ ತೆಗೆಸಿ, ಅಲ್ಲಿಂದಲೇ ರೀಸೆಟ್ ಮಾಡಿಸಿ, ಫೋನ್ ಯಾರ ಪಾಸ್‌ವರ್ಡನ್ನೂ ಕೇಳದೆ ಮುಖಪುಟ ತೋರಿಸುವವರೆಗೆ ಕೌಂಟರಿನಿಂದ ಕದಲಬೇಡಿ.